ವರ್ಲಿನ್ ಪಿಕಪ್ ಕಟ್ಟುವ ಕ್ರಮ

ಅರಿಜೋನಾದಲ್ಲಿ ಪ್ರವಾಸಿಗಳು ಗಾಡಿ ನಿಲ್ಲಿಸಿ ತಂಗುವ ಬಿಡಾರದ ಮೈದಾನವೊಂದನ್ನು ನೋಡಿಕೊಳ್ಳುವ ಲೊರೀನಾ, ಮುದುಕ ವರ್ಲಿನ್‌ನನ್ನು ಮೊದಲು ಕಂಡದ್ದು ನವೆಂಬರಿನ ಒಂದು ಬೆಳಗ್ಗೆ. ಆತ ಬಸ್ಸಿನಂಥ ತನ್ನ ಮನೆಗಾಡಿ, ಮೋಟರ್‌ಹೋಮಿಗೂ ಅದು ಎಳೆದೊಯ್ಯುವ ಪಿಕಪ್ಪಿಗೂ ನಡುವೆ ಮಂಡಿಯೂರಿ, ಕೊಂಡಿಯ ಪಿನ್ನಿಗೆ ಪ್ರಾರ್ಥನೆ ಸಲ್ಲಿಸುವವನಂತೆ ಕೂತಿದ್ದ. ನಾಲ್ಕೂ ಚಕ್ರ ನೆಲದ ಮೇಲೆ ಉರುಳುವಂತೆ ಪಿಕಪ್ ಕಟ್ಟಲು ಬೇರೆಯವರಿಗೆ ಹತ್ತು ನಿಮಿಷ ಸಾಕು, ವರ್ಲಿನ್‌ಗೆ ಇಡೀ ಬೆಳಗೇ ಬೇಕು. ಟ್ರೇಲರಿನ ಮೇಲೆ ಗಾಡಿ ಹೇರುವವರನ್ನು ಕಂಡರೆ, "ಕುದುರೇನ ಹೊತ್ಕೊಂಡು ನಡೆಯೋ ಸವಾರರು ಕಣಮ್ಮಾ ಇವ್ರು" ಎನ್ನುವನು. ಗೇರು ನ್ಯೂಟ್ರಲ್, ಸ್ಟೀರಿಂಗ್ ಸಡಿಲ, ಸರಪಳಿ ಬಿಗಿ ಎಂದು ಮೈದಾನಕ್ಕೆಲ್ಲ ಕೇಳುವಂತೆ ಒದರುವನು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಕೊನೆಗೆ ಹೆಂಡತಿ ಆರ್ಡಿತ್ ಹಿಂದೆ ನಿಂತು, ಪಿಕಪ್ಪಿನ ಎಡಬಲದ ದೀಪಗಳಲ್ಲಿ ಯಾವುದು ಉರಿಯಿತೆಂದು ಕೂಗಬೇಕು. "ಚಂದ್ರಲೋಕಕ್ಕೆ ಹೊರಟ್ಯೇನಜ್ಜಾ?" ಎಂದು ಹಿಂದೆ ದಾರಿಗಾಗಿ ಕಾದು ನಿಂತ ಗಾಡಿಯವರು ಕೆಣಕಿದರೆ, "ಕಟ್ಟಿದ್ಮೇಲೆ ಹಿಂದಕ್ಕೆ ಬರೋಕಾಗಲ್ಲ ಮಗಾ, ಮದುವೆ ಇದ್ದ ಹಾಗೆ!" ಎನ್ನುವನು. ಮಾರ್ಚಿನಲ್ಲಿ ಲೊರೀನಾ ಬೈಯಲೆಂದೇ ಹತ್ತಿರ ಹೋದಳು. ಎಡದ ದೀಪ ಮಿನುಗುತ್ತಿತ್ತು. ಆರ್ಡಿತ್ ಅದನ್ನೇ ನೋಡುತ್ತ ನಿಂತಿದ್ದಳು. "ವರ್ಲೀ, ಇದು... ಇದು ಯಾವ ಕಡೇದು?" ವರ್ಲಿನ್ ಹಣೆ ಚಚ್ಚಿಕೊಳ್ಳುತ್ತ ಡ್ರೈವರ್ ಸೀಟಿನಿಂದ ಇಳಿದ. "ಥೂ, ಪಿನ್ ಹಾಕೋದೇ ಮರೆತೆ ಕಣೇ! ತಪ್ಪು ನಂದು. ಮೊದಲಿಂದ ಮಾಡೋಣ." ಲೊರೀನಾ ಬಗ್ಗಿ ನೋಡಿದರೆ, ಪಿನ್ ಅದರ ಜಾಗದಲ್ಲೇ ಇತ್ತು. ಮೂರನೆಯ ಸಲ ಆರ್ಡಿತ್ "ಎಡ!" ಎಂದು ಗೆದ್ದವಳಂತೆ ಕೂಗಿದಳು. ಲೊರೀನಾ ಬೈಗುಳವನ್ನು ನುಂಗಿಕೊಂಡು, ಹಿಂದಿನ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದಳು. ಆರ್ಡಿತಳನ್ನು ಮರೆವಿನವರ ಆರೈಕೆ ಮನೆಗೆ ಸೇರಿಸೆಂದು ಮಕ್ಕಳು ಹೇಳುತ್ತಲೇ ಇದ್ದಾರೆ. ವರ್ಲಿನ್ ಈಗಲೂ ಅವಳನ್ನೇ ದೀಪ ನೋಡಲು ನಿಲ್ಲಿಸುತ್ತಾನೆ, ಅವಳು ಹೇಳುವವರೆಗೂ ಕಾಯುತ್ತಾನೆ.