ಮೊಣಕಾಲಿನ ಎಣ್ಣಿ, ಉಳ್ಳಾಗಡ್ಡಿ ರೊಟ್ಟಿ

ರೋಣದ ಪ್ಯಾಟ್ಯಾಗ ನಮ್ಮದೊಂದು ಸಣ್ಣ ಬೇಕರಿ ಐತಿ. ಮುಂದ ಗಲ್ಲಾದ ಮ್ಯಾಲ ನನ್ನ ಗಂಡ ಕುಂಡ್ರತಿದ್ರು, ಹಿಂದ ಭಟ್ಟಿ ಖೋಲಿಯಾಗ ನಾನು. ಹಿಟ್ಟು ನಾದೂದು, ಉಳ್ಳಾಗಡ್ಡಿ ರೊಟ್ಟಿ ತಟ್ಟೂದು, ಭಟ್ಟಿಗೆ ಇಡೂದು, ಎಲ್ಲಾ ನಂದ. ರೊಟ್ಟಿ ಅಂದ್ರ ಜ್ವಾಳದ್ದಲ್ಲ ಮತ್ತ, ಮೈದಾದ್ದು, ಬೆರಳ ದಪ್ಪ, ಮ್ಯಾಲ ಉಳ್ಳಾಗಡ್ಡಿ ಹೆಚ್ಚಿ ಹಾಕಿದ್ದು. ಮಂದಿ ಮಾತ್ರ "ಸಾಹೇಬ್ರ ಕೈ ಭಾಳ ಚಲೋ ಐತಿ" ಅಂತಿದ್ರು. ಅವ್ರು ನಕ್ಕು ಸುಮ್ನ ಇರತಿದ್ರು. ನಂಗ ಸಿಟ್ಟ ಬರತಿತ್ತು. ಆದ್ರೂ ದಿನಾ ಮುಂಜಾನೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಓಣಿ ದಾಟಿ ಪ್ಯಾಟಿಗೆ ಹೋಗೂದು ಇತ್ತಲ್ಲ, ಅದೊಂದು ನಂಗ ಸಾಕಾಗಿತ್ತು.

ಅವ್ರು ತೀರಿಕೊಂಡ್ರು. ನಾನು ಇದ್ದತ್ ಕುಂತೆ. ನಮ್ಮಲ್ಲಿ ಗಂಡ ಸತ್ತಾಕಿ ನಾಕ ತಿಂಗಳ ಹತ್ತ ದಿನ ಹೊಸ್ತಿಲಾ ದಾಟಬಾರದು. ಎರಡ ಖೋಲಿ, ಒಂದ ಕಿಟಕಿ, ಅದರ ಮುಂದ ಬಾಜೂ ಮನಿ ಗ್ವಾಡಿ. ಅಳೂದು ಮುಗದ ಮ್ಯಾಲೂ ಆ ಗ್ವಾಡಿ ಹಂಗ ಇರತಿತ್ತು.

ನರಗುಂದದಾಗ ಅರಿವಿ ಅಂಗಡಿ ಇಟ್ಟಿದ್ದ ನನ್ನ ಮೈದುನ ಬಂದು ಬೇಕರಿ ಹಿಡದಾ. ಗಜೇಂದ್ರಗಡದಿಂದ ಒಬ್ಬ ಭಟ್ಟಿಯವನ್ನ ಕರಸಿದಾ. ರೊಟ್ಟಿ ಕಲ್ಲಾದ್ವು. ಇದ್ದತ್ತಿನಾಗ ಮೈದುನನ ಮುಂದೂ ಬರಬಾರದು; ಒಂದಿನ ಪಡದಾದ ಆಚೆ ಕುಂತು ನಮ್ಮತ್ತಿಗೆ ಹೇಳಾಕ ಹತ್ತಿದ್ದ, "ಅಣ್ಣನ ಕೈಗುಣ ಅಣ್ಣನ ಜೋಡಿನ ಹೋತು ಅಮ್ಮಾ. ಭಟ್ಟಿ ಒಡದು ಮೊಬೈಲ್ ಅಂಗಡಿಗೆ ಜಾಗ ಕೊಟ್ಟಬಿಡ್ತೀನಿ."

ಭಟ್ಟಿ ಹ್ವಾದ್ರ, ಇದ್ದತ್ ಮುಗದ ಮ್ಯಾಲೂ ನಾನು ಈ ಬಾಗಲಾ ದಾಟಾಕ ಒಂದ ನೆವನೂ ಉಳಿಯೂದಿಲ್ಲ.

ಮರುದಿನ ಮೈದಾ ನಾದಿದೆ. ಮನ್ಯಾಗ ಡಾಲ್ಡಾ ಇರಲಿಲ್ಲ. ಮಕ್ಕಾಕ್ಕ ಉಮ್ರಾ ಮಾಡಾಕ ಹೋಗಿ ಬಂದ ಬೀಗರು ಅತ್ತಿಗೆ ಒಂದ ಬಾಟ್ಲಿ ಜೈತೂನ್ ಎಣ್ಣಿ, ಅದ ಈ ಆಲಿವ್ ಎಣ್ಣಿ, ತಂದುಕೊಟ್ಟಿದ್ರು.

"ಒಂದ ಬಟ್ಟಲಾ ಕೊಡ್ರಿ ಅತ್ತಿ."

"ಅಯ್ಯ ನಮ್ಮವ್ವ! ನನ್ನ ಮೊಣಕಾಲಿಗೆ ತಂದದ್ದು, ರೊಟ್ಟಿಗೆ ಯಾರರೆ ಹಾಕ್ತಾರೇನ?"

"ಬರೇ ನಿಮ್ಮ ಮೊಣಕಾಲ ತಿಂದ್ರ ಸಾಕೇನು, ನಾವೂ ಒಂದೀಟ ತಿಂತೀವಿ."

ಬೈಕೋತನ ಕೊಟ್ರು. ಹಿಟ್ಟು ಉಬ್ಬಿದ ಮ್ಯಾಲ ತಟ್ಟಿ, ಬೆರಳಿನಿಂದ ಕುಣಿ ಮಾಡಿ, ಉಪ್ಪು ತಿಕ್ಕಿದ ಉಳ್ಳಾಗಡ್ಡಿ ಹರವಿ, ಎಣ್ಣಿ ಸುರುವಿದೆ. ದಪ್ಪ ಡಬರಿಯೊಳಗ ಉಪ್ಪು ಹಾಕಿ ಕಾಸಿ, ಅದರಾಗ ತಾಟಿಟ್ಟು ಮುಚ್ಚಿದೆ. ಮೊದಲನೇದು ತಳ ಕರಕಾತು. ಎರಡನೇದು ನಡುವ ಹಸೀ ಉಳೀತು. ಮೂರನೇದಕ್ಕ ವಾಸನಿ ಬಂತು ನೋಡ್ರಿ, ಭಟ್ಟಿ ಖೋಲಿನ ಮನಿಗೆ ಬಂದಂಗ. ದಿನಾ ಭಟ್ಟಿಯಿಂದ ತಗದ ಮೊದಲನೇ ರೊಟ್ಟಿ ಅಂಚು ಮುರದು ತಿನ್ನಾವ್ರು ನನ್ನ ಗಂಡ. ಡಬರಿ ಮುಂದ ಕುಂತು ಜೋರಾಗಿ ಅತ್ತಬಿಟ್ಟೆ.

ಅತ್ತಿ ಒಂದ ತುಂಡ ತಿಂದ್ರು. ಉಳದದ್ದು ಅರಿವ್ಯಾಗ ಸುತ್ತಿಕೊಂಡು ಬೇಕರಿಗೆ ಹ್ವಾದ್ರು. ಸಂಜಿಗೆ ಮೈದುನ ಪಡದಾದ ಹತ್ರ ಬಂದು ನಿಂತಾ.

"ಭಾಭಿ, ಇದು ಖರೇನ ಅಣ್ಣನ ಕೈ ರುಚಿ. ನೀವು ಹ್ಯಾಂಗ ಕಲತ್ರಿ?"

"ಹದಿನಾರು ವರ್ಷ ಭಟ್ಟಿ ಮುಂದ ಬೆಂದಾಕಿ ನಾನಪಾ! ನಿಮ್ಮಣ್ಣ ಗಲ್ಲಾ ಬಿಟ್ಟು ಎದ್ದದ್ದರೆ ನೋಡೀಯೇನು?"

ಮರುದಿನದಿಂದ ಮೈದಾ ಚೀಲ ಮನಿಗೆ ಬಂತು, ಎಣ್ಣಿ ಡಬ್ಬಿನೂ ಬಂತು; ನಾನು ಡಬರಿಯೊಳಗ ಬೇಸಿ ಕೊಡತಿದ್ದೆ, ಅತ್ತಿ ಬೇಕರಿಗೆ ಒಯ್ಯತಿದ್ರು. ರೊಟ್ಟಿ ಹನ್ನೊಂದಕ್ಕ ಖಾಲಿ ಆಗತಾವು ಅಂತ ಅತ್ತಿ ಸುದ್ದಿ ತರತಿದ್ರು. ಮೊಬೈಲ್ ಅಂಗಡಿ ಮಾತು ನಿಂತಹೋತು. ನಾನು ಗೆದ್ದೆ ಅಂತ ತಿಳಕೊಂಡೆ, ಹುಚ್ಚಿ.

ಇದ್ದತ್ ಮುಗೀತು. ತವರಿನವರು ತಂದ ಹೊಸ ಸೀರಿ ಉಟ್ಟೆ. ಮರುದಿನ ಮುಂಜಾನೆ ಮಂಚದ ಬುಡಕಿದ್ದ ಚಪ್ಪಲಿ ತಗದು, ಧೂಳ ಒರಸಿ, ಮೆಟ್ಟಿಕೊಂಡೆ. ಅಷ್ಟರಾಗ ಇಬ್ಬರು ಒಂದ ದೊಡ್ಡ ಖೋಕಾ ಹೊತ್ತುಕೊಂಡು ಬಂದ್ರು. ಹಿಂದ ಮೈದುನ. ಖೋಕಾದಾಗ ಹೊಸಾ ಕರೆಂಟಿನ ಒಲಿ.

"ಇನ್ನ ನೀವು ಪ್ಯಾಟಿಗೆ ಬರೂ ತ್ರಾಸ ಬ್ಯಾಡ್ರಿ ಭಾಭಿ. ನಿನ್ನೆ ಭಟ್ಟಿ ಒಡಿಸಿದೆ, ಅಲ್ಲಿ ಗಿರಾಕಿಗೆ ಕುರ್ಚಿ ಹಾಕೂದು. ನೀವು ಆರಾಮ ಮನ್ಯಾಗ ಮಾಡ್ರಿ."

"ನೋಡವಾ, ಎಷ್ಟ ಕಾಳಜಿ ಮಾಡ್ತಾನ," ಅಂದ್ರು ಅತ್ತಿ.

ಇದ್ದತ್ತಿಗರೆ ನಾಕ ತಿಂಗಳ ಹತ್ತ ದಿನ ಅಂತ ಇತ್ತು. ಇದಕ್ಕ ಎಷ್ಟ ದಿನ ಅಂತ ಯಾರನ್ನ ಕೇಳಲಿ?

ಒಳಗ ಹಿಟ್ಟು ಉಬ್ಬಿ ಬೋಗಾಣಿ ಅಂಚಿಗೆ ಬಂದಿತ್ತು. ಚಪ್ಪಲಿ ಕಳದು ಒಳಗ ಹ್ವಾದೆ.