ಒಡಪಿನಿಂದ ಕಳೆದ ಹೆಸರು

ಅಂಕಲಿಯ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಚಹಾದಂಗಡಿಯವನು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾನೆ. ಕಲ್ಲು ಕಟ್ಟೆಯ ಮೇಲೆ ಕುಳಿತ ಚಂದ್ರಮತಿ ಬಟ್ಟೆ ಗಂಟು ಬಿಚ್ಚಿ, ಗಾಜಿನ ಬಳೆಗಳನ್ನು ಒಂದೊಂದಾಗಿ ಉಗುರಿನಿಂದ ತಟ್ಟಿ ಕಿವಿಗೊಡುತ್ತಾರೆ. ಸೀಳು ಬಿಟ್ಟ ಬಳೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದಂತೆ. ನನಗಂತೂ ಎಲ್ಲದರ ಸದ್ದೂ ಒಂದೇ.

"ನಿಮಗ ತಿಳಿಯೂದಿಲ್ಲ ಬಿಡ್ರಿ. ಸೀಳಿದ್ದು ಠಸ್ ಅಂತೈತಿ. ಮದುಮಗಳ ಕೈಯಾಗ ಅಂಥಾದ್ದು ಹೋಗಬಾರದು," ಎನ್ನುತ್ತ ಎರಡು ಬಳೆ ಬದಿಗಿಡುತ್ತಾರೆ. ಅಷ್ಟರಲ್ಲಿ ರಾಯಬಾಗದ ಬಸ್ಸು ಬರುತ್ತದೆ. ಒಂದು ಗಂಟು ಹೆಗಲ ಹಿಂದಕ್ಕೆ, ಒಂದು ಮುಂದಕ್ಕೆ ಇಳಿಬಿಟ್ಟು ಅವರು ಮೆಟ್ಟಿಲು ಹತ್ತುವುದನ್ನು ಕಂಡಕ್ಟರ್ ಸುಮ್ಮನೆ ಕಾಯುತ್ತಾನೆ. ಸಹಾಯ ಮಾಡಲು ಹೋದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮದುವೆ ಮನೆಗಳಲ್ಲಿ ಚಂದ್ರಮತಿ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ. 'ಬಳಿ ಆಯಿ' ಎನ್ನಬೇಕು. ವಯಸ್ಸು ಅರವತ್ಮೂರು. ಲಗ್ನದ ಹಂಗಾಮಿನಲ್ಲಿ ದಿನಕ್ಕೆ ಎರಡು ಮನೆ, ಒಮ್ಮೊಮ್ಮೆ ಮೂರು. ಒಂದು ಮನೆಯಲ್ಲಿ ಕಡಿಮೆಯೆಂದರೂ ಇಪ್ಪತ್ತೈದು ಹೆಂಗಸರು, ಅಂದರೆ ಐವತ್ತು ಕೈ. ಸಂಜೆ ಮರಳುವ ಹೊತ್ತಿಗೆ ಆಯಿಯ ಬಲ ಹೆಬ್ಬೆರಳು ಮಡಚಲು ಬರುವುದಿಲ್ಲ. ಆ ಬೆರಳಿನ ಮೇಲೆ ಗಾಜು ಕೊಯ್ದ ಹಳೆಯ ಗಾಯದ ಒಂದು ಉದ್ದ ಗುರುತಿದೆ.

ಹನ್ನೊಂದು ವರ್ಷದ ಹಿಂದಿನವರೆಗೆ ಈ ಗಂಟುಗಳನ್ನು ಅವರ ಗಂಡ ಭೂಪಾಲ ಸೈಕಲ್ಲಿಗೆ ಹೇರಿಕೊಂಡು ಊರೂರು ಸುತ್ತುತ್ತಿದ್ದರು. ಕಾಮಾಲೆ ಬಂದು ಹದಿನೆಂಟೇ ದಿನದಲ್ಲಿ ಹೋಗಿಬಿಟ್ಟರು. "ನಮ್ಮ ಮಾಲಕರು ಹೋದ ಮ್ಯಾಲ ಒಂದ ತಿಂಗಳ ಮನ್ಯಾಗ ಕುಂತ್ನಿ. ಗಂಟ ನೋಡಿದ್ರ ಅಳು ಬರತಿತ್ತು. ಆಮ್ಯಾಲ ಗಂಟಿನ ಮ್ಯಾಲ ಧೂಳ ಕುಂತಿದ್ದ ನೋಡಿ ಇನ್ನಷ್ಟ ಅಳು ಬಂತು. ಝಾಡಿಸಿ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತೀನಿ," ಎನ್ನುತ್ತಾರೆ.

ಗಂಡ ಸತ್ತ ಹೆಂಗಸು ಮದುಮಗಳಿಗೆ ಬಳೆ ಇಡಿಸುವುದೇ ಎಂದು ಕೇಳಿದವರಿದ್ದರು. ಅದಕ್ಕೆ ಜನರೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಮೊದಲ ಬಳೆಯನ್ನು ಮನೆಯ ಮುತ್ತೈದೆಯೊಬ್ಬಳು ಮುಟ್ಟಿ ಕೊಡುತ್ತಾಳೆ, ಉಳಿದದ್ದೆಲ್ಲ ಆಯಿಯ ಕೈಗೆ ಬಿಟ್ಟದ್ದು. ನನಗೆ ಈ ಉಪಾಯ ಕೇಳಿ ಸಿಟ್ಟು ಬಂತು. ಆಯಿಗೆ ಬರಲಿಲ್ಲ.

ಆದರೆ ಆಯಿಯನ್ನು ಹುಡುಗಿಯರು ಕರೆಸುವುದು ಬಳೆಗಾಗಿ ಮಾತ್ರವಲ್ಲ. ಬಳೆ ಮುಂಗೈಯ ಗೆಣ್ಣು ದಾಟುವಾಗ ನೋಯುತ್ತದೆ. ಆ ನೋವು ಮರೆಸಲು ಅವರು ಮದುಮಗಳನ್ನು ಮಾತಿಗೆಳೆಯುತ್ತಾರೆ. ಹುಡುಗನ ಊರು ಯಾವುದು, ನೋಡಲು ಬಂದಾಗ ಅವಲಕ್ಕಿ ತಿಂದನೋ ಬಿಟ್ಟನೋ, ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡನೋ ಹೇಗೆ. ಹುಡುಗಿ ನಗುವಷ್ಟರಲ್ಲಿ ಬಳೆ ಏರಿರುತ್ತದೆ, ಆಯಿಯ ಬಾಯಲ್ಲಿ ಅವಳಿಗೊಂದು ಒಡಪು ತಯಾರಾಗಿರುತ್ತದೆ.

ಗಂಡನ ಹೆಸರನ್ನು ನೇರವಾಗಿ ಹೇಳಲು ಸಂಕೋಚ. ಅದಕ್ಕೇ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನಿಟ್ಟು ಹೇಳುವುದು ಒಡಪು. ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತು "ಹೆಸರ ಹೇಳು" ಎಂದು ಕಾಡುತ್ತಾರೆ. ಗಡಿಸೀಮೆಯಲ್ಲವೇ, "ನಾವ ಘ್ಯಾ" ಎಂದು ಅದನ್ನೇ ಮರಾಠಿಯಲ್ಲಿ ಕೂಗುವುದೂ ಜೊತೆಗಿರುತ್ತದೆ. ಆಯಿ ಎರಡೂ ಭಾಷೆಯಲ್ಲಿ ಕಟ್ಟಬಲ್ಲರು. ಓದಿದ್ದು ಎರಡನೆಯ ಇಯತ್ತೆ, ಬರೆದಿಟ್ಟದ್ದು ಒಂದೂ ಇಲ್ಲ. "ಒಬ್ಬಾಕಿಗೆ ಕೊಟ್ಟದ್ದು ಇನ್ನೊಬ್ಬಾಕಿಗೆ ಕೊಡೂದಿಲ್ರಿ. ಉಟ್ಟ ಸೀರಿ ಕೊಟ್ಟಂಗ ಆಕ್ಕೈತಿ."

ಈಗ ಮದುಮಗಳ ಒಂದು ಕೈ ಆಯಿಯ ಕೈಯಲ್ಲಿದ್ದರೆ ಇನ್ನೊಂದರಲ್ಲಿ ಮೊಬೈಲಿರುತ್ತದೆ. ಚಿಂಚಲಿಯ ಮದುವೆ ಮನೆಯಲ್ಲಿ ನಾನೇ ಕಂಡೆ. ಮದುಮಗಳು ಕೋಮಲ ಒಡಪು ಬೇಕೆಂದು ಮೊಬೈಲಿಗೆ ಹೇಳಿದಳು. ನಿಮಿಷದೊಳಗೆ ಇಪ್ಪತ್ತು ಬಂದವು. ಒಂದೊಂದನ್ನೇ ಓದಿ ಹೇಳಿದಳು. ಆಯಿ ಬಳೆ ಏರಿಸುತ್ತಲೇ ಕೇಳಿಸಿಕೊಂಡರು.

"ಇಪ್ಪತ್ತರಾಗ ಎರಡು ನಂದ ಇದ್ದುವು," ಎಂದರು ಹೊರಗೆ ಬಂದ ಮೇಲೆ. "ಒಂದು ಅಥಣಿ ಕಡೆ ಅನಂತಪುರದ ಹುಡುಗಿಗೆ ಕಟ್ಟಿದ್ದು. ಅಕಿ ಗಂಡಗ ಉಗ್ಗು ಇತ್ತು. ಅಕಿ ಹೆಸರು ಕರೀಬೇಕಂದ್ರ ಮೂರು ಸಲ ತಡವರಸತಿದ್ದ. ಅದನ್ನ ಪ್ರೀತೀಲೆ ಕಟ್ಟಿ ಕೊಟ್ಟಿದ್ನಿ. ಈಗ ಉಗ್ಗಿಲ್ಲದವರ ಹೆಂಡರೂ ಅದನ್ನ ಹೇಳಾಕತ್ತಾರ."

ನಕ್ಕೆವು. ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. "ಬಾಯಿಂದ ಬಾಯಿಗೆ ಹೋಗೂವ ಅಲ್ರಿ ಇವು? ಮದ್ಲೂ ಹೋಗತಿದ್ದುವು. ಆದರ ಮದ್ಲ ಬಂದು ಕೇಳತಿದ್ರು, 'ಆಯಿ, ನಿಂದ ಅದೊಂದ ಒಡಪ ಹೇಳಲೇನು' ಅಂತ. ಕೇಳಿದ್ರ ನಾ ಬ್ಯಾಡ ಅಂತಿರಲಿಲ್ಲ. ಈಗ ಕೇಳಬೇಕು ಅನ್ನೂದ ಯಾರಿಗೂ ಗೊತ್ತಿಲ್ಲ. ಮೊಬೈಲಿನ್ಯಾಗ ಇದ್ದದ್ದು ಯಾರದೂ ಅಲ್ಲಂತ."

ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯಬೇಕಾಗಿರಲಿಲ್ಲ. ಅವರ ಸ್ವಂತದ್ದೊಂದು ಒಡಪಿತ್ತು. ಮದುವೆಯ ದಿನ ಭೂಪಾಲರ ಮನೆಯ ಹೊಸ್ತಿಲಲ್ಲಿ ಅವರೇ ಕಟ್ಟಿ ಹೇಳಿದ್ದು. ಗಂಡ ತೀರಿದ ಮೇಲೆ ಹೆಸರು ಹೇಳೆಂದು ಯಾರೂ ಕಾಡುವುದಿಲ್ಲ. ವಿಧವೆಯರನ್ನು ಕಾಡಬಾರದೆಂಬುದು ರೂಢಿ. ಹಾಗಾಗಿ ಆ ಒಡಪು ಒಂಬತ್ತು ವರ್ಷ ಅವರೊಳಗೇ ಇತ್ತು.

ಎರಡು ವರ್ಷದ ಹಿಂದೆ ರಾಯಬಾಗದಲ್ಲಿ ಪೂನಮ ಎಂಬ ಮದುಮಗಳು ಬಳೆ ಇಡಿಸಿಕೊಳ್ಳುತ್ತ, "ಆಯಿ, ಎಲ್ಲಾರಿಗೂ ಕಟ್ಟತಿ, ನಿಂದ ಯಾವ್ದಿತ್ತು?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. "ಬಾಗಲಾ ಬಂದ್ ಮಾಡು ಅಂದ್ನಿ. ಮಾಡಿದ್ಲು. ಹೇಳಿದ್ನಿ," ಎನ್ನುತ್ತಾರೆ ಆಯಿ. ಇಲ್ಲಿ ಅಚ್ಚು ಹಾಕಬಹುದೇ ಎಂದು ಅವರನ್ನು ಕೇಳಿದ್ದೇನೆ. ಹೆಸರು ಬಿಡದಿದ್ದರೆ ಹಾಕಿ ಎಂದಿದ್ದಾರೆ.

ಹೊಳಿ ದಾಟಿ ಸೈಕಲ್ ಬಂತು, ಸೈಕಲ್ ಮ್ಯಾಗ ಮಳಿ,
ನೆನಕೋತ ಬಂದ್ರೂ ಒಡೀಲಿಲ್ಲ ಒಂದೂ ಹಸರ ಬಳಿ,
ಅಂಕಲಿ ಮನೀ ಹೊಸ್ತಿಲ ಮ್ಯಾಗ ಭೂಪಾಲರ ಹೆಸರ ಹೇಳತೇನಿ,
ದಾರಿ ಬಿಡ್ರಿ ನಾದಿನೇರ, ಒಳಗ ಹೋಗತೇನಿ.

ಮದುವೆಗೆ ಮುಂಚೆ ಭೂಪಾಲ ಹೀಗೇ ಬಂದಿದ್ದರು. ಸುರಿವ ಮಳೆಯಲ್ಲಿ ಕೃಷ್ಣಾ ದಾಟಿ, ತಮ್ಮ ಅಂಗಿ ಬಿಚ್ಚಿ ಬಳೆ ಗಂಟಿಗೆ ಸುತ್ತಿ, ತಾವು ಬನಿಯನ್ನಿನಲ್ಲಿ ನಡುಗುತ್ತ ಬಂದು ಆಯಿಯ ತವರಿನ ಪಡಸಾಲೆಯಲ್ಲಿ ನಿಂತಿದ್ದರಂತೆ. ಇದನ್ನು ಹೇಳುವಾಗ ಅರವತ್ಮೂರರ ಆಯಿ ನನ್ನ ಕಡೆ ನೋಡುವುದಿಲ್ಲ.

ಪೂನಮಳ ಮೊಬೈಲು ದಿಂಬಿಗೆ ಆನಿಸಿಟ್ಟಿತ್ತು. ಬಳೆ ಇಡಿಸುವ ಕೈಗಳ ಜೊತೆಗೆ ಒಡಪೂ ದಾಖಲಾಯಿತು. ಹುಡುಗಿ ಕೆಟ್ಟವಳಲ್ಲ. ಕೇಳಿ ಅತ್ತಿದ್ದಳು, ಅಕ್ಕರೆಯಿಂದಲೇ ಸ್ಟೇಟಸ್ ಹಾಕಿದಳು. ಅಲ್ಲಿಂದ ಯಾರೋ ಎತ್ತಿಕೊಂಡರು. ಯಾವುದೋ ಒಂದು ಪೇಜಿನವರು ಅದಕ್ಕೆ ಸಂಗೀತ ಕೂಡಿಸಿದರು, ಆಯಿಯ ಕೈಗಳ ಮೇಲೆ ತಮ್ಮ ಪೇಜಿನ ಮುದ್ರೆ ಒತ್ತಿದರು. 'ಭೂಪಾಲರ' ಎಂಬ ಒಂದು ಮಾತನ್ನು ಕತ್ತರಿಸಿ ಜಾಗ ಖಾಲಿ ಬಿಟ್ಟು, ಕೆಳಗೆ 'ನಿಮ್ಮ ಯಜಮಾನರ ಹೆಸರು ಇಲ್ಲಿ ಸೇರಿಸಿ' ಎಂದು ಬರೆದರು.

ಸೇರಿಸಿದರು. ಸೈಕಲ್ಲು ಬುಲೆಟ್ ಆಯಿತು, ಬುಲೆಟ್ ಕಾರಾಯಿತು, ನಾದಿನಿಯರು ಮಾತ್ರ ಉಳಿದರು. ಮನೆಯಲ್ಲಿ ಸೊಸೆ ಶೈಲಾ ಒಂದು ದಿನ ಮೊಬೈಲು ಹಿಡಿದು ಬಂದು, "ಅತ್ತಿ, ಈ ಹೆಬ್ಬಟ್ಟ ನಿಮ್ಮದಲ್ಲಾ?" ಎಂದಾಗಲೇ ಆಯಿಗೆ ಗೊತ್ತಾದದ್ದು. ತಮ್ಮ ದನಿ ಗಂಡನ ಹೆಸರಿನ ಹತ್ತಿರ ಬಂದು ನಿಂತು, ಹೆಸರು ಹೇಳದೆಯೇ ಮುಂದೆ ಹೋಗುವುದನ್ನು ಅವರು ಅಂದು ಆರು ಸಲ ಹಾಕಿಸಿ ಕೇಳಿದರಂತೆ.

ಸುದ್ದಿ ತಿಳಿದು ಪೂನಮ ಅಂಕಲಿಗೇ ಬಂದು ಕಾಲು ಹಿಡಿದಳು. "ಡಿಲೀಟ್ ಮಾಡೀನಿ ಆಯಿ," ಎಂದಳು. "ಅಕಿ ಮೊಬೈಲಿನ್ಯಾಗಿಂದ ಹೋತು," ಎನ್ನುತ್ತಾರೆ ಆಯಿ. "ಮಂದಿ ಬಾಯಾಗಿಂದ ಹ್ಯಾಂಗ ಹೋದೀತು?"

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಹೋದ ವರ್ಷ ನಿಪ್ಪಾಣಿಯಲ್ಲಿ ಬಸುರಿಯಾಗಿದ್ದ ನನಗೆ ಕುಬಸ ಮಾಡಿದಾಗ ನಾನೂ ಅದೇ ಒಡಪು ಹೇಳಿದ್ದೆ, ಚಪ್ಪಾಳೆ ಗಿಟ್ಟಿಸಿದ್ದೆ. ಯಾರು ಕಟ್ಟಿದ್ದೆಂದು ಆಗ ತಲೆ ಕೆಡಿಸಿಕೊಂಡಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಇದನ್ನು ಅವರಿಗೆ ಹೇಳಿದೆ. ಅವರು ಕಿಟಕಿಯಾಚೆಯ ಕಬ್ಬು ನೋಡುತ್ತಲೇ ಕೇಳಿದರು.

"ಯಾರ ಹೆಸರು ಹಾಕಿದ್ರಿ?"

"ಮಲ್ಲೇಶ, ಆಯಿ."

"ಮಲ್ಲೇಶರ ಹೆಸರ ಹೇಳತೇನಿ," ಎಂದು ಬಾಯೊಳಗೇ ಅಂದು ನೋಡಿದರು. "ಚಲೋ ಹೆಸರು. ಕೂಡತೈತಿ."

ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೆಚ್ಚಿನ ಪೆಟ್ಟು ಬಿದ್ದದ್ದು ಕಳೆದ ಶ್ರಾವಣದಲ್ಲಿ, ಅಥಣಿ ಕಡೆಯ ಒಂದು ಮನೆಯಲ್ಲಿ. ಮನೆಯ ಹಿರಿಯಳು ಗಿರಿಜವ್ವ, ಮೊಮ್ಮಗನ ತೊಟ್ಟಿಲ ಕಾರ್ಯ. ಆಯಿ ಮೂಲೆಯಲ್ಲಿ ಕುಳಿತು ಬಳೆ ಇಡಿಸುತ್ತಿದ್ದರು. ಬಾಳಂತಿ ಸೊಸೆಯನ್ನು ಎಲ್ಲರೂ ಹೆಸರು ಹೇಳೆಂದು ಕಾಡಿದರು. ಅವಳು ಶುರು ಮಾಡಿದ್ದು ಇದೇ ಒಡಪು. ಹೆಸರಿನ ಜಾಗಕ್ಕೆ ಬಂದು ನಾಚಿಕೆಯಿಂದ ಒಂದು ಕ್ಷಣ ತಡೆದಳು. ಆ ಖಾಲಿ ಜಾಗದಲ್ಲಿ, ಕೈಯಲ್ಲಿ ಯಾರದೋ ಮುಂಗೈ ಹಿಡಿದಿದ್ದ ಆಯಿ, "ಭೂಪಾಲರ" ಎಂದುಬಿಟ್ಟರು.

"ತೊಟ್ಟಿಲ ಮುಂದ ಸತ್ತವರ ಹೆಸರು ಯಾಕ ತಗದಿ ಬೇ?" ಎಂದು ಗಿರಿಜವ್ವ ಕೇಳಿದರು. ಅರ್ಧ ಜನರ ಕೈ ಬಾಕಿ ಇರುವಾಗಲೇ ಊಟ ಕಟ್ಟಿ ಕೊಟ್ಟು, ಮರ್ಯಾದೆಯಿಂದಲೇ ಕಳಿಸಿದರು. ಅಂದಿನಿಂದ ಆ ಓಣಿಯ ಯಾವ ಮನೆಯಿಂದಲೂ ಕರೆ ಬಂದಿಲ್ಲ.

"ತಪ್ಪು ನಂದ ರೀ. ಅಕಿ ಗಂಡನ ಹೆಸರಿನ ಜಾಗಾದಾಗ ನಾ ನಮ್ಮವರ ಹೆಸರು ಹಾಕಿದ್ನಿ. ಯಾವ ಹೆಣ್ಣಮಗಳು ತಡಕೊತಾಳ?" ಎನ್ನುತ್ತಾರೆ. ಗಂಟಿನ ಹುರಿ ಬಿಗಿಯುತ್ತ ಮತ್ತೆ ಅದೇ ಮಾತಿಗೆ ಬರುತ್ತಾರೆ. "ನಮ್ಮವರ ಜಾಗಾದಾಗ ಎಷ್ಟ ಮಂದಿ ಹಾಕ್ಯಾರ. ಅದನ್ನ ನಾ ಯಾರ ಮುಂದ ಹೇಳಲಿ?"

ಕೇಳಿ ನನಗೆ ತಡೆಯಲಾಗಲಿಲ್ಲ. ಚಿಂಚಲಿಯ ಕೆಲಸ ಮುಗಿಸಿ ಬಸ್ಸಿಗೆ ಕಾಯುವಾಗ, ಆ ಪೇಜಿನ ಮೇಲೆ ದೂರು ಕೊಡೋಣ, ನಿಮ್ಮ ಹೆಸರು ಹಾಕಿಸೋಣ ಎಂದೆ. ಅವರು ತಲೆ ಅಲ್ಲಾಡಿಸಿದರು. "ನನ್ನ ಹೆಸರು ಬ್ಯಾಡ. ಹೇಳವರು ಯಾರ ಹೆಸರರೆ ಹಾಕ್ಕೊಂಡು ಹೇಳಲಿ, ಅವರ ಗಂಡಂದಿರು ನೂರ ವರ್ಷ ಬಾಳಲಿ. ನನ್ನ ದನಿ ಐತೆಲ್ಲಾ, ಅದರಾಗಷ್ಟ ನಮ್ಮವರ ಹೆಸರು ತಿರಗಿ ಕೂಡಸ್ರಿ. ನನ್ನ ಬಾಯಾಗಿಂದ ಅವರನ್ನ ತಗದದ್ದು ನನಗ ತಡಕೊಳ್ಳಾಕ ಆಗೂದಿಲ್ಲ."

ಮೊಬೈಲಿನಲ್ಲಿ ದೂರಿನ ಅರ್ಜಿ ತೆರೆದೆ. ಕನ್ನಡದಲ್ಲೇ ಇತ್ತು. ಗಟ್ಟಿಯಾಗಿ ಓದಿ ಹೇಳಿದೆ: "ಮೂಲ ಕೃತಿಯ ಮಾಲೀಕರ ಹೆಸರು."

ಆಯಿ ಥಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನಮ್ಮ ಕಡೆ ಹೆಂಗಸರು ಗಂಡನನ್ನು ಮಾಲಕರು ಎನ್ನುತ್ತಾರೆ. "ನಮ್ಮ ಮಾಲಕರ ಹೆಸರು ಕೇಳತೈತಿ?" ಎಂದರು. ಮುಖದಲ್ಲಿ ನಾಚಿಕೆ ಇತ್ತು. ಹನ್ನೊಂದು ವರ್ಷದಲ್ಲಿ ಅವರನ್ನು ಯಾರೂ ಕೇಳದಿದ್ದ ಗಂಡನ ಹೆಸರನ್ನು ಒಂದು ಅರ್ಜಿ ಕೇಳಿತ್ತು.

ಆ ಶಬ್ದದ ಅರ್ಥ ಬೇರೆ ಎಂದು ನಾನು ತಿದ್ದಬಹುದಿತ್ತು. ತಿದ್ದಲಿಲ್ಲ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಏನನ್ನೋ ಜೋಡಿಸಿ, ಹೊಚ್ಚ ಹೊಸದೊಂದು ಒಡಪು ಹೇಳಿ ಅದರೊಳಗೆ ಗಂಡನ ಹೆಸರಿಟ್ಟರು. ಅದನ್ನು ನಾನು ಮೊಬೈಲಿಗೆ ಹಿಡಿದಿಲ್ಲ, ಇಲ್ಲೂ ಬರೆಯುವುದಿಲ್ಲ. ಅರ್ಜಿಯಲ್ಲಿ 'ಭೂಪಾಲ' ಎಂದು ತುಂಬಿ ಕಳಿಸಿದೆ.

ನಾಲ್ಕು ದಿನಕ್ಕೆ ಉತ್ತರ ಬಂತು. ಮಾಲೀಕರು ಖುದ್ದಾಗಿ ಸಂಪರ್ಕಿಸಿದರೆ ಮಾತ್ರ ದೂರನ್ನು ಪರಿಶೀಲಿಸಲಾಗುವುದು ಎಂದಿತ್ತು. ಶೈಲಾಳ ಮೊಬೈಲಿಗೆ ಫೋನ್ ಮಾಡಿದೆ. ಅವಳು ಅತ್ತೆಗೆ ಕೊಟ್ಟಳು.

"ಏನಂತ ತಂಗಿ?"

"ಮಾಲಕರು ಖುದ್ದ ಬಂದು ಹೇಳಬೇಕಂತ, ಆಯಿ."

ಆ ಕಡೆ ಬಳೆಯೊಂದನ್ನು ಉಗುರಿನಿಂದ ತಟ್ಟಿದ ಸದ್ದು ಕೇಳಿಸಿತು.

"ಅವರು ಬರೂ ಹಂಗಿದ್ರ," ಎಂದರು ಆಯಿ, "ನನಗ ಹೆಸರು ಬೇಕಾಗತಿತ್ತೇನ?"