ಬೀಗ ಹಾಕಿದ ಮನೆಯ ವೈರಸ್

ಅಪ್ಪ ಹೋದದ್ದು ಧನಿಷ್ಠಾ ನಕ್ಷತ್ರದಲ್ಲಿ. ಆ ನಕ್ಷತ್ರದಲ್ಲಿ ಸತ್ತವರ ಜೀವ ಮನೆಯನ್ನೇ ಸುತ್ತುತ್ತಿರುತ್ತದೆ, ಆರು ತಿಂಗಳು ಮನೆ ಬಿಡಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಇದ್ದಕ್ಕಿದ್ದಂತೆ ಮುಳಬಾಗಿಲಲ್ಲಿ ಬಾಡಿಗೆ ಮನೆ ಹುಡುಕುವುದೇನು ತಮಾಷೆಯೇ ಎಂದು ಕೂಗಾಡಿದೆ. ಅಮ್ಮ ಜಗ್ಗಲಿಲ್ಲ.

"ನಾವಿಲ್ಲೇ ಕೂತಿದ್ರೆ ಅವರು ಹೆಂಗೇ ಹೋಗ್ತಾರೆ? ದಾರಿ ಬಿಡ್ಬೇಕು ಕಣೇ," ಎಂದು ತಾನೇ ಬೀಗ ಹಾಕಿದಳು. ಹಿಂದಿನ ಬೀದಿಯಲ್ಲಿ ಎರಡು ಕೋಣೆ ಹಿಡಿದೆವು. ಮಧ್ಯಾಹ್ನ ಅಮ್ಮನೊಬ್ಬಳು ಹೋಗಿ ಹಿತ್ತಲ ತುಳಸಿಗೆ ನೀರು ಹಾಕಿ ಬರುತ್ತಿದ್ದಳು. ಮನೆಯೊಳಗೆ ಯಾರೂ ಕಾಲಿಡುವಂತಿರಲಿಲ್ಲ.

ಆರು ತಿಂಗಳು ಕಳೆದು, ಶಾಂತಿ ಮಾಡಿಸಿ ಒಳಗೆ ಬಂದೆವು. ಗೋಡೆಯ ಕ್ಯಾಲೆಂಡರ್ ಅಪ್ಪ ಹೋದ ತಿಂಗಳಲ್ಲೇ ನಿಂತಿತ್ತು. ಎಲ್ಲದರ ಮೇಲೂ ಧೂಳು, ಅಪ್ಪನ ಕಂಪ್ಯೂಟರಿನ ಮೇಲೆ ಮಾತ್ರ ಇಲ್ಲ. ಬಟ್ಟೆ ಹೊದಿಸಿತ್ತಲ್ಲ ಅಂದುಕೊಂಡೆ.

ಆನ್ ಮಾಡಿದರೆ ಕಂಪ್ಯೂಟರ್ ತೀರಾ ನಿಧಾನ; ಕೋಲಾರದ ನನ್ನ ಆಫೀಸಿನಿಂದ ಆಂಟಿವೈರಸ್ ಸಿ.ಡಿ. ತಂದು ಹಾಕಿದೆ. ಕೆಂಪು ಅಕ್ಷರದಲ್ಲಿ ಸಾಲುಸಾಲು ವೈರಸ್. ಎಲ್ಲವೂ, ಇಂಟರ್ನೆಟ್ಟಿನಲ್ಲಿ ನೋಡಿದ್ದನ್ನು ಕಂಪ್ಯೂಟರ್ ತನ್ನಷ್ಟಕ್ಕೆ ಉಳಿಸಿಕೊಳ್ಳುತ್ತದಲ್ಲ, ಆ ಟೆಂಪರರಿ ಫೈಲುಗಳಲ್ಲಿ. ಪಕ್ಕದಲ್ಲಿ ತಾರೀಖು. ಮತ್ತೊಮ್ಮೆ ಮೇಲಿನಿಂದ ಓದಿದೆ. ಅವೆಲ್ಲ ಮನೆಗೆ ಬೀಗ ಬಿದ್ದಿದ್ದ ತಿಂಗಳುಗಳ ತಾರೀಖುಗಳು.

ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯಿತು. "ಅಯ್ಯೋ ದೇವುಡಾ! ಹೋಗಿಲ್ಲ ಕಣೇ ಅವನು, ಇಲ್ಲೇ ಇದಾನೆ. ಈ ಮನೆ ಸಹವಾಸ ಬೇಡ, ಮಾರಿ ಆಚೆ ಹೋಗಿ," ಎಂದಳು. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು.

ಅಷ್ಟನ್ನೂ ಅಳಿಸಿದೆ. ಮರುದಿನ ಸಂಜೆ ಕೋಲಾರದಿಂದ ಬಂದು ನೋಡಿದರೆ ಮತ್ತೆ ಅದೇ ಫೈಲು, ಅದೇ ವೈರಸ್. ಬಂದಿದ್ದು ಅಂದಿನ ಮಧ್ಯಾಹ್ನ. ಅಳಿಸಿದೆ. ಅದರ ಮರುದಿನವೂ ಬಂತು. ಅಪ್ಪ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಹೊತ್ತೂ ಅದೇ. ದೆವ್ವ ಅಂದರೆ ಕಿಸಕ್ಕನೆ ನಗುತ್ತಿದ್ದವಳು ನಾನು. ಈಗ ಆ ಕೋಣೆಗೆ ಬೆನ್ನು ಮಾಡಿ ನಿಲ್ಲುವುದಕ್ಕೂ ಹೆದರಿಕೆ. ಮನೆ ಮಾರುವುದೇ ಸರಿ ಎನಿಸತೊಡಗಿತು.

ಒಂದು ದಿನ ಅರ್ಧ ದಿನದ ರಜೆ ಹಾಕಿ ಬಂದೆ. ಚಪ್ಪಲಿ ಬಿಡುತ್ತಿದ್ದಾಗಲೇ ಅಪ್ಪನ ಕೋಣೆಯಿಂದ ಸಣ್ಣಗೆ ವೀಣೆ ಕೇಳಿಸಿತು. ಗೋಡೆ ಹಿಡಿದುಕೊಂಡು ಇಣುಕಿದೆ. ಅಪ್ಪನ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು.

ಪರದೆಯ ಮೇಲೆ ಒಂದೊಂದಾಗಿ ಅರಳುವ ಹೂವು, ಕೆಳಗೆ ಎರಡು ಸಾಲು. ಹಿಂದಿನ ವರ್ಷ ತಮ್ಮ ಮದುವೆಯ ದಿನಕ್ಕೆ ಅಪ್ಪ ಇ-ಮೇಲಿನಲ್ಲಿ ಕಳಿಸಿದ್ದ ಶುಭಾಶಯ, ಅಡುಗೆಮನೆಯಲ್ಲಿದ್ದ ಹೆಂಡತಿಗೆ. ಅದನ್ನು ತೆರೆಯುವುದನ್ನೂ ಅವರೇ ಕೈ ಹಿಡಿದು ಕಲಿಸಿದ್ದರಂತೆ. ವೈರಸ್ ಬರುತ್ತಿದ್ದದ್ದು ಅದು ತೆರೆದುಕೊಳ್ಳುತ್ತಿದ್ದ ಇಂಟರ್ನೆಟ್ ಪುಟದಿಂದ.

"ಬೀಗ ಹಾಕಿದ್ದಾಗ್ಲೂ ನೀನೇನಾ ಬರ್ತಿದ್ದಿದ್ದು?"

ಅಮ್ಮ ಹೌದೆಂದು ತಲೆಯಾಡಿಸಿದಳು. ನನಗೆ ಎಲ್ಲಿತ್ತೋ ಸಿಟ್ಟು.

"ಅವರು ಹೋಗ್ಲಿ ಅಂತ ಹಠ ಹಿಡಿದೋಳು ನೀನೇ ತಾನೇ? ಅಪ್ಪ ಇನ್ನೂ ಹೋಗೇ ಇಲ್ಲ ಅಂತ ನಾನಿಲ್ಲಿ ಹೆದರಿ ಸಾಯ್ತಿದ್ದೀನಿ!"

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹೋಗ್ಬಿಟ್ಟಿದಾರೆ ಕಣೇ. ದಿನಾ ತೆಗ್ದು ನೋಡ್ತೀನಲ್ಲ. ಅದೇ ಹೂವು, ಅದೇ ಎರಡು ಸಾಲು. ಒಂದಕ್ಷರ ಜಾಸ್ತಿ ಬಂದಿಲ್ಲ."